ಕ್ಯಾಮೆರಾ ಡಬ್ಬಿಯೊಳಗಿನ ನೀರು

ಈ ಪರದೇಶದ ನಮ್ಮ ಕನ್ನಡ ಬಳಗದಲ್ಲಿ ಈ ಕಥೆಯನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಅಪ್ಪನ ಜೊತೆ ಡೈವಿಂಗಿಗೆ ಹೋಗುವ ಅಂಕಲ್‌ಗಳ ಪ್ರಕಾರ, ಆಯುಧಪೂಜೆಯ ದಿನ ಅಮ್ಮ ಅಪ್ಪನ ಕ್ಯಾಮೆರಾ ಡಬ್ಬಿಗೂ ಕುಂಕುಮ ಹಚ್ಚಿದಳು, ಕುಂಕುಮದ ಪುಡಿ ಮುಚ್ಚಳದ ರಬ್ಬರಿಗೆ ಹೋಗಿ ಸೇರಿತು, ಸಮುದ್ರದೊಳಗೆ ಡಬ್ಬಿ ಸೋರಿತು. ಆಂಟಿಗಳು ಹೇಳುವುದು ಇದಕ್ಕೆ ಉಲ್ಟಾ. ಡಬ್ಬಿ ಸೋರಿದ್ದೇನೋ ನಿಜ, ಆದರೆ ಪೂಜೆ ಮಾಡಿದ್ದರಿಂದಲೇ ಕ್ಯಾಮೆರಾ ಉಳಿಯಿತು. ಒಳಗೆ ಹೋದ ನೀರು ತಾನಾಗಿಯೇ ಮಾಯವಾಯಿತು, ಬೇಕಾದರೆ ಅವರನ್ನೇ ಕೇಳಿ.

ಎರಡೂ ಒಳ್ಳೆಯ ಕಥೆಗಳೇ. ನಗುವವರಿಗೆ ಒಂದು, ಕೈಮುಗಿಯುವವರಿಗೆ ಇನ್ನೊಂದು. ಹೀಗೆ ಎಲ್ಲರಿಗೂ ಅನುಕೂಲವಾಗಿರುವ ಕಥೆಯನ್ನು ಯಾರೂ ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ನಾನು ಹೋದೆ. ಶಾಲೆಯಿಂದಲೂ ಡಿಬೇಟ್ ತಂಡದಲ್ಲಿ ಬೆಳೆದವಳು ನಾನು. ಯಾರೇ ಏನೇ ಹೇಳಲಿ, ‘ಅದಕ್ಕೆ ಆಧಾರ ಏನು’ ಎಂದು ಕೇಳುವುದು ಚಾಳಿಯಾಗಿಬಿಟ್ಟಿದೆ. “ಊಟಕ್ಕೆ ಬಾ ಅಂದ್ರೂ ಪ್ರೂಫ್ ಕೇಳ್ತಾಳೆ ಇವಳು” ಎಂದು ಅಮ್ಮ ಎಲ್ಲರ ಮುಂದೆ ಹೇಳುತ್ತಾಳೆ. ಹಾಗೆ ಹೇಳುವ ಅಮ್ಮನ ಕೆಲಸವೂ ಅದೇ. ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳು ಟೆಸ್ಟರ್. ಬೇರೆಯವರು ಬರೆದಿದ್ದರಲ್ಲಿ ತಪ್ಪು ಹುಡುಕಿ, ಯಾರಿಂದ ಆಯಿತು ಎಂಬುದನ್ನೂ ಸೇರಿಸಿ ಬರೆದು ಕಳಿಸುವುದಕ್ಕೇ ಅವಳಿಗೆ ಸಂಬಳ.

ಡಬ್ಬಿ ಎಂದರೆ ಏನೆಂದು ಹೇಳಬೇಕು. ನೀರಿನೊಳಗೆ ಫೋಟೋ ತೆಗೆಯುವವರು ಮಾಮೂಲಿ ಕ್ಯಾಮೆರಾವನ್ನೇ ಒಂದು ಗಟ್ಟಿ ಲೋಹದ ಡಬ್ಬಿಯೊಳಗೆ ಕೂರಿಸುತ್ತಾರೆ. ಅದಕ್ಕೆ ಹೌಸಿಂಗ್ ಎನ್ನುತ್ತಾರೆ. ಮುಂದೆ ಗಾಜು, ಹಿಂದೆ ಮುಚ್ಚಳ, ಪಕ್ಕದಲ್ಲಿ ಹಿಡಿ. ಮುಚ್ಚಳದ ಸುತ್ತ ಒಂದು ರಬ್ಬರಿನ ಬಳೆ ಇರುತ್ತದೆ, ಹೆಸರು ಓ-ರಿಂಗ್. ಕುಕ್ಕರಿನ ಗ್ಯಾಸ್ಕೆಟ್ ಇದೆಯಲ್ಲ, ಅದರ ತೆಳ್ಳಗಿನ ತಂಗಿ ಎನ್ನಬಹುದು. ಕುಕ್ಕರ್ ಗ್ಯಾಸ್ಕೆಟ್ ಹಬೆಯನ್ನು ಹೊರಗೆ ಬಿಡುವುದಿಲ್ಲ, ಇದು ಸಮುದ್ರವನ್ನು ಒಳಗೆ ಬಿಡುವುದಿಲ್ಲ. ಅದರ ಮೇಲೆ ಒಂದು ತಲೆಗೂದಲು ಬಿದ್ದರೂ ಸಾಕು, ನೀರಿಗೆ ದಾರಿಯಾಗುತ್ತದೆ.

ಅಪ್ಪ ಐವತ್ತು ದಾಟಿದ ಮೇಲೆ ಡೈವಿಂಗ್ ಕಲಿತವರು. ಡಬ್ಬಿಯನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡರು. ಅದನ್ನು ಮುಚ್ಚುವ ದಿನ ನಮ್ಮ ವುಡ್‌ಲ್ಯಾಂಡ್ಸ್ ಫ್ಲ್ಯಾಟಿನಲ್ಲಿ ಮಡಿ ಶುರು. ಬೆಡ್‌ರೂಮಿನ ಏಸಿ ಹಾಕುತ್ತಾರೆ, ಫ್ಯಾನ್ ಆರಿಸುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ರಬ್ಬರ್ ಬಳೆಯನ್ನು ಬಿಡಿಸಿ, ಒರೆಸಿ, ಟೇಬಲ್ ಲ್ಯಾಂಪಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಸಾಸಿವೆಯಷ್ಟು ಗ್ರೀಸನ್ನು ಬೆರಳಲ್ಲಿ ಸವರುತ್ತಾರೆ. ಆಗ ಆ ಕೋಣೆಗೆ ಅಮ್ಮನಿಗೂ ಪ್ರವೇಶವಿಲ್ಲ, ನನಗೂ ಇಲ್ಲ. “ನಿಮ್ಮಿಬ್ಬರ ತಲೆ ತುಂಬಾ ಕೂದಲು” ಎನ್ನುತ್ತಾರೆ, ಅದೇ ದೊಡ್ಡ ಅಪರಾಧವೆಂಬಂತೆ.

ಇಷ್ಟು ಜಾಗ್ರತೆಯ ಮನುಷ್ಯನ ಡಬ್ಬಿಯೊಳಗೆ, ಹಿಂದಿನ ವರ್ಷದ ಆಯುಧಪೂಜೆಯಾದ ಮೇಲಿನ ಡೈವಿಂಗಿನಲ್ಲಿ, ನೀರು ಕಾಣಿಸಿಕೊಂಡಿತು. ಸಮುದ್ರಕ್ಕೆ ಇಳಿದ ಸ್ವಲ್ಪ ಹೊತ್ತಿಗೇ ಗಾಜಿನ ಒಳಮೈಗೆ ಹನಿಗಳು ಕಟ್ಟಿದವಂತೆ. ಅಪ್ಪ ಗಾಬರಿಯಾಗಿ ಮೇಲೆ ಬಂದರು. ದೋಣಿಯಲ್ಲಿ ಎಲ್ಲರೂ ಸುತ್ತ ನೆರೆದರು. ಯಾರೋ ಹಿಡಿಯ ಮೇಲಿದ್ದ ಕೆಂಪು ಬೊಟ್ಟು ನೋಡಿದರು. ಅಷ್ಟು ಸಾಕಾಯಿತು.

ಅಂದಿನಿಂದ ಅಪ್ಪ ಡಬ್ಬಿಯನ್ನು ನೀರಿಗೆ ಇಳಿಸಲಿಲ್ಲ, ಕ್ಯಾಮೆರಾವನ್ನು ಮಾತ್ರ ಊರು ಸುತ್ತುವಾಗ ಒಯ್ಯುತ್ತಿದ್ದರು. ಅಮ್ಮನನ್ನು ಮಾತ್ರ ಬಳಗದವರು ಬಿಡಲಿಲ್ಲ. ಹುಟ್ಟುಹಬ್ಬವಿರಲಿ, ಗಣೇಶನ ಹಬ್ಬವಿರಲಿ, “ಮೇಡಂ, ನನ್ನ ಫೋನ್ ಹತ್ರ ಬರಬೇಡಿ, ಕುಂಕುಮ ಹಚ್ಚಿಬಿಟ್ಟೀರಿ” ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುವರು. ಅಮ್ಮ ನಗುತ್ತಿದ್ದಳು. ನಗುವುದಷ್ಟೇ ಅಲ್ಲ ಎಂದು ನನಗೆ ಗೊತ್ತಾಗಿದ್ದು ಈ ವರ್ಷದ ಆಯುಧಪೂಜೆಯ ದಿನ. ಕ್ಲೆಮೆಂಟಿಯ ನನ್ನ ಬಾಡಿಗೆ ರೂಮಿನಿಂದ ಹಬ್ಬಕ್ಕೆಂದು ಮನೆಗೆ ಬಂದಿದ್ದೆ. ಅಮ್ಮ ಲ್ಯಾಪ್‌ಟಾಪುಗಳಿಗೆ, ಮಿಕ್ಸಿಗೆ, ನನ್ನ ಹಳೆಯ ಸೈಕಲ್ಲಿಗೆ ಕುಂಕುಮ ಇಟ್ಟಳು. ಡೈವಿಂಗ್ ಸಾಮಾನಿನ ಕಪಾಟಿನ ಮುಂದೆ ಬಂದವಳು ಬಟ್ಟಲು ಹಿಡಿದುಕೊಂಡೇ ಹಿಂದಕ್ಕೆ ಹೋದಳು.

“ಅದಕ್ಕೆ?” ಎಂದೆ.

“ಅದು ಬೇಡ. ಮತ್ತೆ ಒಂದು ವರ್ಷ ಆ ಜೋಕ್ ಕೇಳೋ ಶಕ್ತಿ ನನಗಿಲ್ಲ ಕಣೆ.”

ನಾನು ಪೂಜೆಯ ಪರ ಅಲ್ಲ. ಮಿಕ್ಸಿಗೆ ಕುಂಕುಮ ಯಾಕೆಂದು ಅಮ್ಮನ ಜೊತೆ ಎಷ್ಟೋ ಸಲ ವಾದ ಮಾಡಿದವಳು. ಆದರೆ ವಾದದಲ್ಲಿ ಸೋತು ಅವಳು ಬಿಟ್ಟಿದ್ದರೆ ಒಂದು ಮಾತು; ಯಾರೋ ನಕ್ಕರೆಂದು ಬಿಟ್ಟಿದ್ದಳು. ಭಾನುವಾರ ಸೆರಂಗೂನಿನಲ್ಲಿ ಬಳಗದವರ ದಸರಾ ಊಟವಿತ್ತು. ಅಷ್ಟರಲ್ಲಿ ಅಮ್ಮನ ಮೇಲಿನ ಆರೋಪವನ್ನು ತೆಗೆದುಹಾಕಬೇಕೆಂದು ನಿರ್ಧರಿಸಿದೆ.

ಶನಿವಾರ ಬೆಳಿಗ್ಗೆ ಮೊದಲು ಅಪ್ಪನನ್ನೇ ಪ್ರಶ್ನಿಸಿದೆ.

“ಅಪ್ಪ, ಅವತ್ತು ಡಬ್ಬಿ ಎಲ್ಲಿ ಕ್ಲೋಸ್ ಮಾಡಿದ್ರಿ?”

“ಬೆಡ್‌ರೂಮಲ್ಲಿ. ಏಸಿ ಹಾಕಿ. ಏಸಿ ಗಾಳಿ ಡ್ರೈ ಇರುತ್ತೆ, ಅದನ್ನೇ ಒಳಗೆ ತುಂಬ್ಕೊಂಡು ಮುಚ್ಚಬೇಕು. ಅದೆಲ್ಲ ನಿನಗೆ ಗೊತ್ತಲ್ಲ.”

“ರಬ್ಬರ್ ಮೇಲೆ ಕುಂಕುಮ ಇತ್ತಾ?”

“ನನಗೆ ಕಾಣಿಸಲಿಲ್ಲ. ಆದ್ರೆ ಅವರೆಲ್ಲ ಹೇಳ್ತಾರಲ್ಲ, ಇದ್ರೂ ಇರಬಹುದು.”

“ಮನೆಯಿಂದ ಹೊರಟ ಮೇಲೆ ಮಧ್ಯದಲ್ಲಿ ತೆಗೆದಿದ್ರಾ?”

“ಮುಚ್ಚಿದ್ದನ್ನ ಯಾರಾದ್ರೂ ದಾರಿಯಲ್ಲಿ ತೆಗೀತಾರೇನಮ್ಮ?” ಎಂದವರು ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮಾರ್ಕೆಟ್‌ಗೆ ಹೋಗಿ ತರಕಾರಿ ತರುತ್ತೇನೆಂದು ಹೊರಟರು. ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾಗಿ ಬಂದರೆ ಅಲ್ಲೇ ನಿಲ್ಲಬೇಕು ಎಂದು ಜೂನಿಯರ್‌ಗಳಿಗೆ ನಾನೇ ಹೇಳಿಕೊಡುತ್ತೇನೆ. ಅವತ್ತು ನಿಲ್ಲಲಿಲ್ಲ. ಬಕೆಟ್ಟು ತುಂಬುವ ಆತುರ.

ಡಬ್ಬಿಯ ಪರೀಕ್ಷೆ ಬಹಳ ಸರಳ. ಕ್ಯಾಮೆರಾ ಇಲ್ಲದೆ, ಒಳಗೆ ಒಂದು ಒಣ ಟಿಶ್ಯೂ ಇಟ್ಟು ಮುಚ್ಚಿ, ನೀರಿನಲ್ಲಿ ಮುಳುಗಿಸಬೇಕು. ಹೊರತೆಗೆದಾಗ ಟಿಶ್ಯೂ ಒಣಗಿಯೇ ಇದ್ದರೆ ಪಾಸು. ಆದರೆ ಒಳಗೆಲ್ಲ ಗಾಳಿ ಇರುವುದರಿಂದ ಖಾಲಿ ಡಬ್ಬಿ ಮುಳುಗುವುದಿಲ್ಲ. ಒತ್ತಿದಷ್ಟೂ ಎಮ್ಮೆಯ ಹಾಗೆ ಮೂತಿ ಮೇಲೆತ್ತುತ್ತದೆ. ಕೊನೆಗೆ ಅಮ್ಮನ ಗ್ರೈಂಡರಿನ ಕಲ್ಲನ್ನು ತಂದು ಮೇಲಿಟ್ಟೆ.

“ಅದರಲ್ಲಿ ನಾಳೆ ಉದ್ದು ರುಬ್ಬಬೇಕು!” ಎಂದು ಅಡುಗೆಮನೆಯಿಂದ ಅಮ್ಮ.

“ಕ್ಲೀನ್ ಮಾಡಿ ಕೊಡ್ತೀನಿ ಲಾ” ಎಂದೆ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ಹಾಗೆ.

“ಲಾ ಅಂತೆ ಲಾ. ಗ್ರೀಸ್ ವಾಸನೆ ಬಂದ್ರೆ ನೀನೇ ತಿನ್ನು ಆ ಇಡ್ಲಿ.”

ಬಕೆಟ್ಟಿನ ನೀರು ಎಲ್ಲಿ, ಸಮುದ್ರದ ಆಳ ಎಲ್ಲಿ ಎಂದು ಎದುರುಪಕ್ಷ ಕೇಳಬಹುದು. ಕೇಳಲಿ. ಆಳಕ್ಕೆ ಹೋದಷ್ಟೂ ನೀರಿನ ಒತ್ತಡವೇ ಮುಚ್ಚಳವನ್ನು ರಬ್ಬರಿನ ಮೇಲೆ ಬಿಗಿಯಾಗಿ ಒತ್ತುತ್ತದೆ. ರಬ್ಬರ್ ಸರಿಯಾಗಿ ಕೂರದ ಡಬ್ಬಿ ಹೆಚ್ಚಾಗಿ ಮೇಲೆ ಮೇಲೆಯೇ ಸೋರುತ್ತದೆ. ಅಪ್ಪನೂ ಇಳಿದ ಕೂಡಲೇ ತಾನೇ ಹನಿ ಕಂಡಿದ್ದು?

ಮೊದಲನೆಯ ಸಲ ಟಿಶ್ಯೂ ಒಣಗಿತ್ತು. ಎರಡನೆಯ ಸಲ ನಾನೇ ಬೇಕೆಂದು ರಬ್ಬರ್ ಬಳೆಯ ಮೇಲೆ ಅಡ್ಡಡ್ಡ ಕುಂಕುಮ ಉದುರಿಸಿ ಮುಚ್ಚಿದೆ. ಕುಂಕುಮದಿಂದ ಏನೂ ಆಗುವುದಿಲ್ಲ ಎಂದು ತೋರಿಸುವ ಆಸೆ. ಕಲ್ಲು ಇಳಿಸಿ ತೆಗೆದು ನೋಡಿದರೆ ಟಿಶ್ಯೂವಿನ ಒಂದು ಮೂಲೆ ಒದ್ದೆಯಾಗಿ ಗುಲಾಬಿಯಾಗಿತ್ತು.

ಬಾತ್‌ರೂಮಿನ ನೆಲದ ಮೇಲೆ ಕೂತುಬಿಟ್ಟೆ. ನನ್ನ ಕಕ್ಷಿದಾರಳ ವಿರುದ್ಧ ನಾನೇ ಸಾಕ್ಷಿ ತಯಾರಿಸಿದ್ದೆ. ಆದರೂ ಕುಂಕುಮದಿಂದ ಸೋರಬಹುದು ಎಂದು ತೋರಿಸಿದರೆ ಅವತ್ತು ಹಾಗೇ ಸೋರಿತು ಎಂದಂತಾಗುವುದಿಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ. ನೆಲ ನೆನೆದಿದೆ ಎಂದರೆ ಮಳೆಯೇ ಬಂದಿರಬೇಕೆಂದೇನಿಲ್ಲ. ಹೀಗೆ ಯೋಚಿಸುತ್ತಾ ಕೂತವಳಿಗೆ ತರಬೇತಿಯ ಇನ್ನೊಂದು ಪಾಠ ನೆನಪಾಯಿತು. ಎರಡು ಪಕ್ಷಗಳೂ ಜಗಳವಾಡದೆ ಒಪ್ಪಿಕೊಂಡಿರುವ ಸಂಗತಿ ಯಾವುದೋ ಅದನ್ನು ಮೊದಲು ಹಿಡಿದು ಅಲ್ಲಾಡಿಸಬೇಕು. ಅಂಕಲ್‌ಗಳು, ಆಂಟಿಗಳು ಇಬ್ಬರೂ ಒಪ್ಪಿಕೊಂಡಿದ್ದೇನು? ಡಬ್ಬಿ ಸೋರಿತು, ಸಮುದ್ರದ ನೀರು ಒಳಗೆ ಹೋಯಿತು. ಇದನ್ನು ಕಂಡವರು ಯಾರು? ಗಾಜಿನ ಒಳಗೆ ಹನಿ ಕಂಡವರಿದ್ದರು. ಹನಿ ಹೊರಗಿನಿಂದ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಆಂಟಿಗಳ ಪವಾಡ ಆಗ ಉಪಯೋಗಕ್ಕೆ ಬಂತು. ಹೋದ ನೀರು ತಾನಾಗಿಯೇ ಮಾಯವಾಯಿತು, ಬಿಸಿಲಲ್ಲಿ ಇಟ್ಟಿದ್ದ ಡಬ್ಬಿಯನ್ನು ತೆಗೆಯುವ ಹೊತ್ತಿಗೆ ಒರೆಸಲು ಏನೂ ಇರಲಿಲ್ಲ ಎನ್ನುತ್ತಾರಲ್ಲ? ಸಮುದ್ರದ ನೀರು ಆರಿದರೆ ಉಪ್ಪು ಉಳಿಯಬೇಕು. ಅಂದಿನಿಂದ ಡಬ್ಬಿ ಸಮುದ್ರ ನೋಡಿಲ್ಲ. ಬಕೆಟ್ಟಿನ ನೀರು ತಾಗಿದ್ದು ಕೆಳಗಿನ ಮೂಲೆಗೆ ಮಾತ್ರ, ಮುಂದಿನ ಗಾಜಿಗಲ್ಲ.

ಗಾಜನ್ನು ಲ್ಯಾಂಪಿಗೆ ಹಿಡಿದು ನೋಡಿದೆ. ಬಿಳಿಯ ಕಲೆ ಇಲ್ಲ. ಸಾಲದೆಂದು ನಾಲಿಗೆ ಚಾಚಿ ಗಾಜಿನ ಒಳಮೈಯನ್ನು ನೆಕ್ಕಿದೆ.

ಕುಂಕುಮದ ಬಟ್ಟಲು ಹುಡುಕಿಕೊಂಡು ಬಂದ ಅಮ್ಮ ಬಾಗಿಲಲ್ಲೇ ನಿಂತಳು. “ಅಯ್ಯೋ ಪುಟ್ಟಿ, ಅದನ್ನ ಯಾಕೆ ನೆಕ್ತಿದ್ದೀಯಾ?”

“ಉಪ್ಪಿದೆಯಾ ಅಂತ.”

“ಸಾಲದಿದ್ರೆ ಒಳಗಿಂದ ತಂದ್ಕೊಡ್ಲಾ?”

ಉಪ್ಪಿರಲಿಲ್ಲ. ಹೊರಗಡೆಯ ಹಿಡಿಯ ಸ್ಕ್ರೂ ಸಂದಿಯನ್ನೂ ನೆಕ್ಕಿದೆ. ಅಷ್ಟು ಸಲ ತೊಳೆದರೂ ಅಲ್ಲಿ ಉಪ್ಪು ನಾಲಿಗೆಗೆ ಚುರುಕ್ಕೆಂದಿತು. ಹೊರಗೆ ಸಮುದ್ರವಿತ್ತು, ಒಳಗೆ ಸಮುದ್ರ ಬಂದೇ ಇರಲಿಲ್ಲ. ಹಾಗಾದರೆ ಸಿಹಿನೀರಿನ ಹನಿಗಳು ಮುಚ್ಚಿದ ಡಬ್ಬಿಯೊಳಗೆ ಎಲ್ಲಿಂದ ಬಂದವು?

ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಅಡುಗೆಮನೆಗೆ ಹೋದೆ. ಹಸಿವಾಗಿತ್ತು. ನಮ್ಮ ಮನೆಯಲ್ಲಿ ಮೈಸೂರಿನಿಂದ ಬಂದ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿಗಳೆಲ್ಲ ಫ್ರೀಜರಿನಲ್ಲಿ ಇರುತ್ತವೆ. ಹೊರಗಿಟ್ಟರೆ ಇಲ್ಲಿಯ ಗಾಳಿಗೆ ಹಾಳಾಗುತ್ತವೆ. ಚಟ್ನಿಪುಡಿಯ ಡಬ್ಬಿ ತೆಗೆದು ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಅಮ್ಮ ಕೂಗಿದಳು.

“ಈಗಲೇ ತೆಗೀಬೇಡ! ಡಬ್ಬಿ ತಣ್ಣಗಿದೆ. ಒಳಗೆಲ್ಲ ಬೆವರುತ್ತೆ, ಪುಡಿ ಮುದ್ದೆ ಆಗುತ್ತೆ. ಎಷ್ಟು ಸಲ ಹೇಳೋದು?”

ಹುಟ್ಟಿದಾಗಿನಿಂದ ಕೇಳಿದ ಮಾತು. ಕೇಳಿ ಕೇಳಿ ಕಿವಿಯಲ್ಲೇ ಉಳಿದುಬಿಟ್ಟ ಮಾತು. ಅದರ ಅರ್ಥ ಅವತ್ತು ಇಳಿಯಿತು. ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದೆ. ಕ್ಯಾಮೆರಾ ಹೌಸಿಂಗನ್ನು ಒಳಗೆಲ್ಲ ಒರೆಸಿ ಒಣಗಿಸಿ, ಬೆಡ್‌ರೂಮಿನ ಏಸಿಯ ಗಾಳಿ ನೇರವಾಗಿ ಬೀಳುವಲ್ಲಿ ಇಟ್ಟು, ಕೈಗೆ ಚಳಿ ಹತ್ತುವಷ್ಟು ತಣ್ಣಗಾಗಲು ಬಿಟ್ಟೆ. ಆಮೇಲೆ ಹೊರಗೆ ಕಾರಿಡಾರಿಗೆ ತಂದೆ. ಮಳೆ ಬರುವ ಮೊದಲಿನ ಮಧ್ಯಾಹ್ನ, ಬಟ್ಟೆ ಹಿಂಡಿದಂಥ ಗಾಳಿ. ಮುಚ್ಚಳ ತೆರೆದು, ಉಸಿರು ಎಳೆದು ಬಿಡುವಷ್ಟು ಹೊತ್ತು ಬಿಟ್ಟು, ಮತ್ತೆ ಮುಚ್ಚಿದೆ.

ಗಾಜಿನ ಒಳಗೆ ಮೊದಲು ಮಂಜು ಕಟ್ಟಿತು. ನೋಡುತ್ತಿದ್ದಂತೆ ಮಂಜು ಸೇರಿ ಸೇರಿ ಹನಿಯಾಯಿತು. ಒಂದೂ ಶಬ್ದವಿಲ್ಲದೆ, ಎಲ್ಲಿಂದಲೂ ಬರದೆ, ನೀರು ಸುಮ್ಮನೆ ಅಲ್ಲಿತ್ತು. ಅಮ್ಮನನ್ನು ಕರೆದೆ, ಅವಳೂ ಬಗ್ಗಿ ನೋಡಿದಳು. ಇಬ್ಬರೂ ಅಕ್ವೇರಿಯಮ್ ನೋಡುವ ಮಕ್ಕಳ ಹಾಗೆ ಮೂಗನ್ನು ಗಾಜಿಗೆ ತಾಗಿಸಿ ಕೂತಿದ್ದೆವು. ಮೆಲ್ಲಗೆ ಡಬ್ಬಿ ಬಿಸಿಯಾದಂತೆ ಹನಿಗಳು ತೆಳುವಾಗುತ್ತಾ ಹೋಗಿ ಕಾಣದಾದವು. ಆಂಟಿಗಳ ಪವಾಡ ನಮ್ಮ ಕಾರಿಡಾರಿನಲ್ಲಿ ಶೂ ಸ್ಟ್ಯಾಂಡಿನ ಪಕ್ಕ ನಡೆದುಹೋಯಿತು.

“ಸೋರೇ ಇಲ್ಲ ಅಮ್ಮ! ದೋಣಿ ಹತ್ತೋ ಜಾಗಕ್ಕೆ ಏಸಿ ವ್ಯಾನಲ್ಲಿ ಅಷ್ಟು ದೂರ ಹೋದಾಗ ಡಬ್ಬಿ ತಣ್ಣಗಾಗಿತ್ತು. ದೋಣಿಯಲ್ಲಿ ತೆಗೆದಾಗ ಹೊರಗಿನ ಗಾಳಿ ಒಳಗೆ ಹೋಯ್ತು, ಬೆವರಿತು. ಕುಂಕುಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ.” ಹೇಳುತ್ತಾ ಹೇಳುತ್ತಾ ನನಗೇ ತೂತು ಕಂಡಿತು. “ಆದ್ರೆ ಅಪ್ಪ ತೆಗೆದಿಲ್ಲ ಅಂತಾರೆ. ತೆಗೆಯದೇ ಇದ್ರೆ ಒಳಗಿದ್ದಿದ್ದು ಬೆಡ್‌ರೂಮಿನ ಡ್ರೈ ಗಾಳಿ. ಅದು ಬೆವರಲ್ಲ. ನನ್ನ ಥಿಯರಿ ಬಿತ್ತು.”

ಅಮ್ಮ ಎದ್ದು ಒಳಗೆ ಹೋದಳು. ಸೂಜಿದಾರದ ಡಬ್ಬದಿಂದ ಏನನ್ನೋ ತಂದು ನನ್ನ ಅಂಗೈ ಮೇಲಿಟ್ಟಳು. ಕಪ್ಪು, ದುಂಡಗಿನ ಪ್ಲಾಸ್ಟಿಕ್ ಮುಚ್ಚಳ. ಕ್ಯಾಮೆರಾದ ಲೆನ್ಸ್ ಕ್ಯಾಪು.

“ಇದು ಕಳೆದುಹೋಯ್ತು ಅಂತ ಅಪ್ಪ ಹೊಸದು ತಂದ್ರಲ್ಲ?”

“ಅವತ್ತು ಡೈವಿಂಗ್‌ನಿಂದ ಬಂದಾಗ ಅವರ ಶಾರ್ಟ್ಸ್ ಜೇಬಲ್ಲಿತ್ತು. ಮಿಷಿನ್ನಿಗೆ ಹಾಕೋಕೆ ಮುಂಚೆ ಜೇಬು ನೋಡ್ತೀನಲ್ಲ, ಆಗ ಸಿಕ್ತು.”

ಲೆನ್ಸಿನ ಕ್ಯಾಪನ್ನು ತೆಗೆದ ಮೇಲೇ ಕ್ಯಾಮೆರಾವನ್ನು ಹೌಸಿಂಗಿನಲ್ಲಿ ಕೂರಿಸಬೇಕು. ಮರೆತು ಮುಚ್ಚಿದರೆ ನೀರಿನೊಳಗೆ ಎಲ್ಲ ಫೋಟೋವೂ ಕಪ್ಪು. ಹೊಸಬರು ಮಾಡುವ ತಪ್ಪು ಅದು. ಡೈವಿಂಗಿನವರು ವರ್ಷಗಟ್ಟಲೆ ಹೇಳಿಕೊಂಡು ನಗುವ ತಪ್ಪು. ಆದರೂ ನಾನು ಬಿಡಲಿಲ್ಲ. “ಮನೆಯಲ್ಲೇ ತೆಗೆದು ಜೇಬಿಗೆ ಹಾಕ್ಕೊಂಡಿರಬಹುದಲ್ವಾ?”

“ಆ ಶಾರ್ಟ್ಸ್ ಒಗೆದು ಮಡಿಸಿ ಬ್ಯಾಗಲ್ಲಿ ಇಟ್ಟವಳು ನಾನು. ಅವರು ಅದನ್ನ ಹಾಕ್ಕೊಂಡಿದ್ದು ದೋಣಿ ಹತ್ತೋ ಜಾಗದಲ್ಲಿ.”

ಅಂದರೆ ಅಪ್ಪ ಡಬ್ಬಿ ತೆರೆದು ಕ್ಯಾಪು ತೆಗೆದದ್ದು ಅಲ್ಲಿಗೆ ಹೋದ ಮೇಲೆ. ಟೆಸ್ಟರ್ ಎಂದರೆ ಹೀಗೆ. ನಾನು ಬೆಳಿಗ್ಗೆಯಿಂದ ಬಕೆಟ್ಟು, ಕಲ್ಲು, ನಾಲಿಗೆ ಎಲ್ಲ ಉಪಯೋಗಿಸಿ ಬಂದು ನಿಂತ ಜಾಗದಲ್ಲಿ ಅವಳು ಒಂದು ವರ್ಷದಿಂದ ನಿಂತಿದ್ದಳು. “ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀನು ಮೊದಲು ಆ ಬಾತ್‌ರೂಮ್ ತೊಳಿ. ಕೊಲೆ ಆದಂಗಿದೆ ಅಲ್ಲಿ” ಎಂದು ಅವಳು ಎದ್ದುಹೋದಳು. ಯಾರಿಗೂ ಹೇಳಬೇಡ ಎನ್ನಲಿಲ್ಲ. ಹೇಳು ಎಂದೂ ಅನ್ನಲಿಲ್ಲ. ಹೇಳಬಾರದು ಎಂದಿಲ್ಲವಾದ್ದರಿಂದ ಹೇಳಬಹುದು ಎಂದು ನಾನು ಅರ್ಥ ಮಾಡಿಕೊಂಡೆ.

ಭಾನುವಾರದ ಊಟ ಸೆರಂಗೂನಿನ ಒಂದು ಕಾಂಡೋ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ. ಒಬ್ಬೊಬ್ಬರ ಮನೆಯಿಂದ ಒಂದೊಂದು ಅಡುಗೆ. ಅಪ್ಪನ ಜೊತೆ ಸದಾ ಡೈವಿಂಗಿಗೆ ಹೋಗುವ ಅಂಕಲ್, ಅವತ್ತು ದೋಣಿಯಲ್ಲಿ ಇದ್ದವರು, ನಮ್ಮ ಟೇಬಲ್ಲಿಗೇ ತಟ್ಟೆ ಹಿಡಿದುಕೊಂಡು ಬಂದರು. ಕೂರುವ ಮೊದಲೇ ಶುರು ಮಾಡಿದರು.

“ಏನ್ ಮೇಡಂ, ಈ ಸಲ ಯಾವುದಕ್ಕೆ ಕುಂಕುಮ?”

“ನಿಮ್ಮ ಬಾಯಿಗೆ ಹಚ್ಚೋಣ ಅಂತಿದ್ದೆ. ಅದೂ ಸ್ವಲ್ಪ ಸೋರುತ್ತೆ” ಎಂದಳು ಅಮ್ಮ.

ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಅಂಕಲ್ ಕೂಡ ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು.

“ಅಂಕಲ್, ಅದು ಸಮುದ್ರದ ನೀರೇ ಅಲ್ಲ” ಎಂದೆ.

“ಹೌದಾ? ನಿನಗೆ ಹೆಂಗೆ ಗೊತ್ತು?”

“ನೆಕ್ಕಿ ನೋಡಿದೆ.”

ಮತ್ತೆ ನಗು. ನಗು ಇಳಿಯುವವರೆಗೆ ಕಾದು, ಉಪ್ಪಿಲ್ಲದ್ದನ್ನು, ತಣ್ಣಗಿನ ಡಬ್ಬಿಯನ್ನು, ಕಾರಿಡಾರಿನಲ್ಲಿ ಕಂಡ ಮಂಜನ್ನು ಕ್ರಮವಾಗಿ ಹೇಳಿದೆ. ಅಂಕಲ್ ತಿನ್ನುವುದನ್ನು ನಿಲ್ಲಿಸಿ ಕೇಳಿದರು. ತಮಾಷೆ ಮಾಡುತ್ತಾರಾದರೂ ಅವರು ನ್ಯಾಯವಾಗಿ ಯೋಚಿಸುವ ಮನುಷ್ಯ.

“ಲಾಜಿಕ್ ಸರಿಯಿದೆ” ಎಂದರು. “ಫಾಗ್ ಆಗಿರಬಹುದು ಅಂತ ಅವತ್ತೇ ನಾನು ಕೇಳಿದ್ದೆ. ಮಧ್ಯದಲ್ಲಿ ಓಪನ್ ಮಾಡಿದ್ರಾ ಸಾರ್ ಅಂತ. ಇಲ್ಲ ಅಂದ್ರಲ್ಲ ನಿಮ್ಮಪ್ಪ? ಓಪನ್ ಮಾಡದೆ ಒದ್ದೆ ಗಾಳಿ ಒಳಗೆ ಹೆಂಗೆ ಹೋಗುತ್ತಮ್ಮ?”

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಪುಳಿಯೋಗರೆಯಿಂದ ಕಡಲೆಕಾಯಿಬೀಜಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಕ್ಯಾಪಿನ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದೇ ವಾಕ್ಯ ಹೇಳಿದ್ದರೆ ಸಾಕಿತ್ತು, ಅಮ್ಮ ಗೆದ್ದಿರುತ್ತಿದ್ದಳು. ಬಾಯಿ ತೆರೆದೆ.

“ನಾನು ತೆಗೆದಿದ್ದೆ” ಎಂದಳು ಅಮ್ಮ.

ಅಂಕಲ್ ಅವಳನ್ನು ನೋಡಿದರು. “ನೀವಾ?”

“ಹೂಂ. ಇವರು ಮುಚ್ಚಿಟ್ಟು ಸ್ನಾನಕ್ಕೆ ಹೋಗಿದ್ರು. ಅಡುಗೆಮನೆಗೆ ತಂದು, ತೆಗೆದು, ಒಳಗಿರೋ ಕ್ಯಾಮೆರಾಗೂ ಒಂದು ಬೊಟ್ಟು ಇಟ್ಟು ಮುಚ್ಚಿದೆ. ಸಾರು ಕುದೀತಿತ್ತು, ಹಬೆ ಹೋಗಿರಬೇಕು. ಇವರಿಗೆ ಹೇಳಿರಲಿಲ್ಲ.”

“ಅದು ಹೇಳಿ ಮತ್ತೆ!” ಅಂಕಲ್ ಟೇಬಲ್ ಕುಟ್ಟಿದರು. “ಸಮುದ್ರದ ನೀರಲ್ಲ ಸಾರ್, ಸಾರಿನ ನೀರು!”

ಹಾಲ್‌ನ ಇನ್ನೊಂದು ತುದಿಯವರೆಗೂ ಆ ಮಾತು ಓಡಿತು. ಹೊಸ ಕಥೆ ಹಳೆಯದಕ್ಕಿಂತ ಗಟ್ಟಿಯಾಗಿತ್ತು. ಗಟ್ಟಿ ಮಾಡಿದವಳು ನಾನೇ. ಉಪ್ಪು, ಮಂಜು, ತಣ್ಣಗಿನ ಡಬ್ಬಿ, ನನ್ನ ಆಧಾರಗಳೆಲ್ಲ ಅದಕ್ಕೆ ಸರಿಯಾಗಿ ಹೊಂದಿಕೊಂಡವು. ಅಮ್ಮ ಮಜ್ಜಿಗೆ ಹುಳಿ ಬಡಿಸಲು ಎದ್ದಳು. ಅಪ್ಪ ಅವಳನ್ನು ನೋಡಿದರು. ಡಬ್ಬಿಯನ್ನು ಅಮ್ಮ ತೆರೆದಿರಲಿಲ್ಲ ಎಂದು ಅವರಿಗೆ ಗೊತ್ತು. ಅವತ್ತು ಅವರು ಸ್ನಾನಕ್ಕೆ ಹೋಗುವಾಗ ಡಬ್ಬಿಯನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ ಹೋಗಿದ್ದರೆಂದು ನನಗೂ ಗೊತ್ತು. ಅವತ್ತು ನಾನೂ ಮನೆಯಲ್ಲಿದ್ದೆ, ಬೀಗ ಹಾಕಿದ್ದಕ್ಕೆ ಅಮ್ಮ, ನಾನು ಇಬ್ಬರೂ ಅವರನ್ನು ಗೇಲಿ ಮಾಡಿದ್ದೆವು.

ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ರಶ್ ಇತ್ತು. ಅಮ್ಮನಿಗೆ ದೂರದಲ್ಲಿ ಒಂದು ಸೀಟು ಸಿಕ್ಕಿತು; ಖಾಲಿ ಪಾತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. ಅಪ್ಪ, ನಾನು ಒಂದೇ ಕಂಬ ಹಿಡಿದು 
ನಿಂತಿದ್ದೆವು. ಅವರು ಬಾಗಿಲ ಮೇಲಿನ ಸ್ಟೇಷನ್‌ಗಳ ಹೆಸರುಗಳನ್ನು ಈ ರೈಲನ್ನು ಮೊದಲ ಸಲ ಹತ್ತಿದವರ ಹಾಗೆ ಓದುತ್ತಿದ್ದರು. ಅವರಿಬ್ಬರೂ ಮುಂದೆ ಇಳಿದು ವುಡ್‌ಲ್ಯಾಂಡ್ಸಿನ ಕಡೆಗೆ ರೈಲು ಬದಲಾಯಿಸಬೇಕಿತ್ತು. ನಾನು ಇದರಲ್ಲೇ ಇನ್ನಷ್ಟು ದೂರ ಹೋಗಿ, ಆಮೇಲೆ ಕ್ಲೆಮೆಂಟಿಯ ರೈಲು ಹಿಡಿಯುವವಳು. ಅವರ ಸ್ಟೇಷನ್ ಹತ್ತಿರ ಬಂದು ರೈಲು ನಿಧಾನವಾಯಿತು. ಅಮ್ಮ ಕಣ್ಣು ತೆರೆದು, ಚೀಲ ಎತ್ತಿಕೊಂಡು, ಬಾಗಿಲ ಕಡೆ ಬರತೊಡಗಿದಳು.

“ಅಪ್ಪ,” ಎಂದೆ, ಅವಳಿಗೆ ಕೇಳಿಸದಷ್ಟು ಮೆಲ್ಲಗೆ, “ಮನೆಗೆ ಹೋದ ಮೇಲೆ ಅಮ್ಮನಿಗೆ ಏನು ಹೇಳ್ತೀರಾ?”